ಒರೆಗಾನ್ ಕಡಲಲ್ಲಿ ಸಣ್ಣ ಬೋಟಿನಿಂದ ಅಲ್ಬಕೋರ್ ಟ್ಯೂನಾ: ನನ್ನ ಅನುಭವ

ಅಲ್ಬಕೋರ್ ಹಿಡಿಯಲು ಆಸೆಪಡುವವರು ಮೊದಲು ಕೇಳುವುದು ಯಾವ ಜಿಗ್ (ಕೊಕ್ಕೆ ಕಟ್ಟಿದ ನಕಲಿ ಬೇಟೆ), ಯಾವ ರಾಡ್ (ಗಾಳದ ಕೋಲು) ಅಂತ. ನನ್ನ ಮಟ್ಟಿಗೆ ಅದು ಕೊನೆಯ ಪ್ರಶ್ನೆ. ಈ ಮೀನಿಗೆ ಹಸಿವು ಜಾಸ್ತಿ. ಮನಸ್ಸಿದ್ದರೆ ಎದುರಿಗೆ ಓಡುವ ಬಣ್ಣದ ರಬ್ಬರ್ ಜೂಲನ್ನೂ ಕಚ್ಚುತ್ತದೆ. ಕಷ್ಟ ಇರುವುದು ಎರಡು ಕಡೆ. ಅದು ಓಡಾಡುವ ನೀರನ್ನು ಹುಡುಕುವುದು ಒಂದು, ಹಿಡಿದದ್ದನ್ನು ಕೆಡದಂತೆ ದಡಕ್ಕೆ ತರುವುದು ಇನ್ನೊಂದು. ನಡುವಿನ ಕೆಲಸವನ್ನು ಯಾರು ಬೇಕಾದರೂ ಕಲಿಯಬಹುದು.

ನಾನು ಉಡುಪಿ ಕಡೆಯವನು. ಕೆಲಸ ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಪಕ್ಕದಲ್ಲಿ. ನನ್ನದು 24 ಅಡಿಯ ಅಲ್ಯೂಮಿನಿಯಂ ಬೋಟ್. ಟ್ರೈಲರ್ ಮೇಲೆ ಎಳೆದುಕೊಂಡು ಹೋಗಿ ಕರಾವಳಿಯ ನ್ಯೂಪೋರ್ಟ್‌ನಲ್ಲಿ ನೀರಿಗಿಳಿಸುತ್ತೇನೆ. ಮಲ್ಪೆಯ ಟ್ರಾಲ್ ಬೋಟಿನಂತೆ ಇಲ್ಲಿ ಬಲೆ ಇಲ್ಲ. ಓಡುವ ಬೋಟಿನ ಹಿಂದೆ ನಾಲ್ಕೈದು ಗಾಳ ಎಳೆಯುವುದು, ಅಷ್ಟೇ. ಇಲ್ಲಿಗೆ ಬರುವ ಅಲ್ಬಕೋರ್ ಹೆಚ್ಚುಕಡಿಮೆ ಎಲ್ಲವೂ ಇನ್ನೂ ಎಳೆಯವು. ಹೆಚ್ಚಿನವು ಏಳರಿಂದ ಹನ್ನೆರಡು ಕೆಜಿ ತೂಗುತ್ತವೆ. ಎದೆಯ ಎರಡೂ ಕಡೆ ಕತ್ತಿಯಂಥ ಉದ್ದ ರೆಕ್ಕೆ. ಆ ರೆಕ್ಕೆ ನೋಡಿದರೆ ಸಾಕು, ಬೇರೆ ಟ್ಯೂನಾ ಅಲ್ಲ ಅಂತ ಗೊತ್ತಾಗುತ್ತದೆ. ಜುಲೈನಿಂದ ಸೆಪ್ಟೆಂಬರ್ ತನಕ, ಕೆಲವು ವರ್ಷ ಅಕ್ಟೋಬರ್ ತನಕವೂ ಸಿಗುತ್ತವೆ.

ನೀರು ಹುಡುಕುವುದು ಮನೆಯಲ್ಲೇ ಶುರುವಾಗುತ್ತದೆ. ಬೇಸಿಗೆಯಲ್ಲಿ ಒರೆಗಾನ್ ಕರಾವಳಿಯಲ್ಲಿ ಉತ್ತರದ ಗಾಳಿ ಬೀಸುತ್ತದೆ. ಅದು ಮೇಲಿನ ನೀರನ್ನು ಹೊರಕ್ಕೆ ತಳ್ಳುತ್ತದೆ, ಆ ಜಾಗಕ್ಕೆ ಅಡಿಯ ತಣ್ಣನೆ ನೀರು ಏರುತ್ತದೆ. ಹೀಗಾಗಿ ಆಗಸ್ಟ್‌ನಲ್ಲೂ ದಡದ ನೀರು ಕೈಯಿಟ್ಟರೆ ಜುಮ್ಮೆನ್ನುವಷ್ಟು ತಣ್ಣಗೆ, ಬಣ್ಣ ಪಾಚಿ ಹಸಿರು. ಸಾಲ್ಮನ್‌ಗೆ ಅದು ಸ್ವರ್ಗ, ಅಲ್ಬಕೋರ್‌ಗೆ ಬೇಡವೇ ಬೇಡ. ಅದಕ್ಕೆ ಬೇಕಾದ ಬೆಚ್ಚಗಿನ ನೀಲಿ ನೀರು ಹೊರಗಿರುತ್ತದೆ. ಉತ್ತರದ ಗಾಳಿ ಒಂದೇ ಸಮ ಬೀಸಿದರೆ ನೀಲಿ ನೀರು ದೂರ ಸರಿಯುತ್ತದೆ. ಗಾಳಿ ನಿಂತರೆ, ಇಲ್ಲವೇ ದಕ್ಷಿಣಕ್ಕೆ ತಿರುಗಿದರೆ, ಅದು ದಡದ ಕಡೆಗೆ ಬರುತ್ತದೆ. ಒಂದು ವಾರ 20 ಮೈಲಿಯಲ್ಲಿ ಸಿಕ್ಕ ಮೀನು ಮುಂದಿನ ವಾರ 50 ಮೈಲಿ ಆಚೆ ಹೋಗುವುದು ಇದಕ್ಕೇ. ಪೆಟ್ರೋಲಿನ ಲೆಕ್ಕ ಹಾಕುವವನಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ನಾನು ಎರಡು ಉಪಗ್ರಹ ನಕ್ಷೆ ನೋಡುತ್ತೇನೆ. ಒಂದು ಸಮುದ್ರದ ಮೇಲ್ಮೈ ಬಿಸಿಯದ್ದು, ಇನ್ನೊಂದು ನೀರಿನಲ್ಲಿ ಎಷ್ಟು ಪಾಚಿ ಇದೆ ಅಂತ ತೋರಿಸುವ ಕ್ಲೋರೋಫಿಲ್‌ನದ್ದು. ಎಲ್ಲರೂ ಬಿಸಿಯ ನಕ್ಷೆಗೆ ಜೋತುಬೀಳುತ್ತಾರೆ. ನನಗೆ ಕ್ಲೋರೋಫಿಲ್ ಮೇಲೇ ನಂಬಿಕೆ ಜಾಸ್ತಿ. ಅಲ್ಬಕೋರ್ ಕಣ್ಣಿನಿಂದ ಬೇಟೆಯಾಡುವ ಮೀನು. ಹಸಿರು ಗಂಜಿಯಂಥ ನೀರಿನಲ್ಲಿ ಅದಕ್ಕೆ ಬೇಟೆ ಕಾಣುವುದಿಲ್ಲ. ನೀರು ಎಷ್ಟೇ ಬೆಚ್ಚಗಿದ್ದರೂ ಕೊಳಕಾಗಿದ್ದರೆ ಸುಮ್ನೆ ಎಣ್ಣೆ ಸುಡುವ ಕೆಲಸ. ಹಾಗಂತ ಪೂರ್ತಿ ತಿಳಿನೀರಿನ ನಡುವೆ ಹೋದರೂ ಆಗದು, ಅಲ್ಲಿ ತಿನ್ನಲು ಸಣ್ಣ ಮೀನು ಇರುವುದಿಲ್ಲ. ಎರಡೂ ಸೇರುವ ಅಂಚು ಬೇಕು. ಆ ಅಂಚಿನಲ್ಲಿ 60 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 15.5 ಸೆಲ್ಸಿಯಸ್ ಇದ್ದರೆ ನಾನು ಅಲ್ಲಿಗೇ ಗುರಿ ಇಡುತ್ತೇನೆ. 58ರಲ್ಲೂ ಮೀನು ಸಿಕ್ಕಿದ್ದುಂಟು. ಮೋಡ, ಮಂಜು ಇದ್ದ ದಿನ ಉಪಗ್ರಹಕ್ಕೂ ಏನೂ ಕಾಣುವುದಿಲ್ಲ. ಆಗ ಕೊನೆಯ ಶುದ್ಧ ಚಿತ್ರ ತೆಗೆದುಕೊಂಡು, ಅಲ್ಲಿಂದೀಚೆಗೆ ಗಾಳಿ ಯಾವ ಕಡೆ ಬೀಸಿತು ಅಂತ ನೋಡಿ, ಅಂಚು ಎಲ್ಲಿಗೆ ಸರಿದಿರಬಹುದು ಅಂತ ಅಂದಾಜು ಮಾಡುತ್ತೇನೆ. ನನ್ನ ಜೊತೆ ಬರುವ ಕುಂದಾಪುರದ ಗೆಳೆಯನಿಗೆ ಇದು ಮೊದಲು ತಮಾಷೆ. "ಎಂತ ಮಾರಾಯ, ಮೀನಿಗೆ ಹೊರಟದ್ದಾ, ಪರೀಕ್ಷೆಗಾ?" ಅನ್ನುತ್ತಿದ್ದ. ಈಗ ರಾತ್ರಿ ಹನ್ನೊಂದಕ್ಕೆ ನಕ್ಷೆಯ ಚಿತ್ರ ಕಳಿಸುವವನು ಅವನೇ.

ಆಮೇಲೆ ಅಲೆ. ನ್ಯೂಪೋರ್ಟ್‌ನಿಂದ ಪಶ್ಚಿಮಕ್ಕೆ 20 ನಾಟಿಕಲ್ ಮೈಲಿಯಲ್ಲಿ ಸ್ಟೋನ್‌ವಾಲ್ ಬ್ಯಾಂಕ್ ಎಂಬಲ್ಲಿ ಒಂದು ಹವಾಮಾನ ಬಾಯ್ (ಅಳತೆಯ ಉಪಕರಣ ಹೊತ್ತ ತೇಲುಬುರುಡೆ) ತೇಲುತ್ತದೆ, 46050 ಅದರ ನಂಬರ್. ಅಲೆ ಎಷ್ಟು ಅಡಿ, ಎರಡು ಅಲೆಗಳ ನಡುವೆ ಎಷ್ಟು ಸೆಕೆಂಡ್ ಅಂತ ಹೇಳುತ್ತದೆ. ಸೆಕೆಂಡು ಅಡಿಯ ಎರಡರಷ್ಟಿದ್ದರೆ ಹೊರಡುತ್ತೇನೆ. ನಾಲ್ಕು ಅಡಿ, ಒಂಬತ್ತು ಸೆಕೆಂಡ್ ಅಂದರೆ ಖುಷಿ. ಆರು ಅಡಿ, ಏಳು ಸೆಕೆಂಡ್ ಅಂದರೆ ಮನೆಯಲ್ಲೇ ಮಲಗುವುದು. ಮಧ್ಯಾಹ್ನದ ನಂತರ ವಾಯವ್ಯದ ಗಾಳಿ ಏಳುವುದು ಇಲ್ಲಿ ಮಾಮೂಲು. ವಾಪಸ್ ಬರುವಾಗಿನ ಮುನ್ಸೂಚನೆಯನ್ನು ಹೋಗುವಾಗಿನದ್ದಕ್ಕಿಂತ ಗಮನಕೊಟ್ಟು ಓದಬೇಕು.

ನ್ಯೂಪೋರ್ಟ್ ಬಂದರಿನಿಂದ ಕಡಲಿಗೆ ಹೋಗುವ ಯಕ್ವಿನಾ ಅಳಿವೆ ದಾಟುವುದು ಇನ್ನೊಂದು ಗಂಡಾಂತರ. ನಮ್ಮ ಕಡೆಯ ಅಳಿವೆ ಬಾಗಿಲು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಇಳಿತದ ನೀರು ಹೊರಗೆ ನುಗ್ಗುವಾಗ ಎದುರಿನಿಂದ ಅಲೆ ಬಂದರೆ ಅದು ಗೋಡೆಯಂತೆ ನಿಂತು ಮುರಿಯುತ್ತದೆ. ಉಬ್ಬರ ಬರುವಾಗ ಅಥವಾ ನೀರು ನಿಂತಿರುವಾಗ ಮಾತ್ರ ನಾನು ದಾಟುವುದು. ಕೋಸ್ಟ್ ಗಾರ್ಡ್ ಅಳಿವೆಯ ಸ್ಥಿತಿ ಹೇಳುತ್ತದೆ. ಕೆಟ್ಟಿದ್ದರೆ ಇಷ್ಟು ಅಡಿಗಿಂತ ಸಣ್ಣ ಬೋಟ್ ದಾಟಬಾರದು ಅಂತ ನಿರ್ಬಂಧ ಹಾಕುತ್ತದೆ. ಅದರ ಜೊತೆ ವಾದ ಬೇಡ. ಲೈಫ್ ಜಾಕೆಟ್ ದಡದಲ್ಲೇ ಹಾಕಿಕೊಳ್ಳುತ್ತೇವೆ. ವಿಎಚ್‌ಎಫ್ ರೇಡಿಯೋ ಅಪಾಯದ ಕರೆಯ 16ನೇ ಚಾನಲ್‌ನಲ್ಲಿ ಇರುತ್ತದೆ. ಅಪಾಯದಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸುವ ಇಪರ್ಬ್ ಇಲ್ಲದೆ 40 ಮೈಲಿ ಹೋಗುವುದಿಲ್ಲ. ಆದಷ್ಟು ಇನ್ನೊಂದು ಬೋಟಿನ ಜೊತೆಗೇ ಹೊರಡುತ್ತೇವೆ. ಎಣ್ಣೆಯನ್ನು ಮೂರು ಪಾಲು ಮಾಡುತ್ತೇನೆ: ಹೋಗಲು ಒಂದು, ಬರಲು ಒಂದು, ಮುಟ್ಟದೆ ಇಡಲು ಒಂದು.

ಹೊರಗೆ ಓಡುವಾಗ ಕಣ್ಣು ಥರ್ಮಾಮೀಟರಿನ ಮೇಲೆ. ನಿಧಾನಕ್ಕೆ ಏರುವ ಬಿಸಿಗಿಂತ ಸ್ವಲ್ಪ ದೂರದಲ್ಲೇ ಒಂದೆರಡು ಡಿಗ್ರಿ ಜಿಗಿಯುವ ಜಾಗ ಒಳ್ಳೆಯದು. ನೀರಿನ ಬಣ್ಣ ಹಸಿರಿನಿಂದ ಶಾಯಿ ನೀಲಿಗೆ ತಿರುಗುವುದನ್ನು ಮೊದಲ ಸಲ ನೋಡಿದಾಗ ನನಗೆ ನಂಬಲಾಗಿರಲಿಲ್ಲ. ಅಷ್ಟು ಸ್ಪಷ್ಟ ಗೆರೆ ಇರುತ್ತದೆ ಕೆಲವು ದಿನ. ಆಮೇಲೆ ಹಕ್ಕಿ. ಟರ್ನ್ ಹಕ್ಕಿಗಳು ಒಂದೇ ಕಡೆ ಸುತ್ತಿ ಸುತ್ತಿ ಎರಗುತ್ತಿದ್ದರೆ ಕೆಳಗೆ ಏನೋ ನಡೆಯುತ್ತಿದೆ ಅಂತಲೇ ಅರ್ಥ. ನೀರಿನ ಮೇಲೆ ಸುಮ್ಮನೆ ಕೂತ ಹಕ್ಕಿಗಳಿಗೆ ನಾನು ಬೆಲೆ ಕೊಡುವುದಿಲ್ಲ. ನ್ಯೂಪೋರ್ಟ್‌ನವರು 125ರ ಗೆರೆ ಅನ್ನುತ್ತಾರೆ, ಅಂದರೆ 125 ಡಿಗ್ರಿ ಪಶ್ಚಿಮ ರೇಖಾಂಶ. ಬಂದರಿನಿಂದ ಅದು ಸುಮಾರು 40 ನಾಟಿಕಲ್ ಮೈಲಿ. ಎಷ್ಟೋ ಜನ ಅಲ್ಲಿಗೆ ಮುಟ್ಟಿದ ಮೇಲೇ ಗಾಳ ಬಿಡುತ್ತಾರೆ. ದಾರಿಯಲ್ಲೇ ಒಳ್ಳೆ ನೀರು ದಾಟಿ ಹೋಗಿರುತ್ತಾರೆ. ನೀರು ಚೆನ್ನಾಗಿ ಕಂಡ ಕೂಡಲೇ ವೇಗ ಇಳಿಸಿ ಗಾಳ ಬಿಡುವುದು ನನ್ನ ಅಭ್ಯಾಸ.

ಗಾಳದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹಿಂದಿನ ಎರಡು ಮೂಲೆಯಿಂದ ಎರಡು ಕೈಗಾಳ, ದಪ್ಪ ದಾರದವು. ದಾರದ ಬುಡಕ್ಕೆ ರಬ್ಬರ್ ಹಗ್ಗ ಕಟ್ಟಿರುತ್ತೇನೆ, ಮೀನು ಎಳೆದಾಗ ಜರ್ಕ್ ತಡೆಯಲು. ಇವು ಪ್ರೊಪೆಲ್ಲರ್ ಏಳಿಸುವ ಬಿಳಿನೊರೆಯಲ್ಲೇ, ಬೋಟಿಗೆ ಹತ್ತಿರ ಓಡಬೇಕು. ಹೊಸಬರಿಗೆ ಇದು ಹಿಡಿಸುವುದಿಲ್ಲ. ಇಂಜಿನ್ ಸದ್ದಿಗೆ ಮೀನು ಹೆದರುತ್ತದೆ ಅಂದುಕೊಳ್ಳುತ್ತಾರೆ. ಅಲ್ಬಕೋರ್ ಆ ನೊರೆಗೇ ಬರುತ್ತದೆ. ಎರಡು ರಾಡ್ ಗಾಳ 60ರಿಂದ 80 ಅಡಿ ಹಿಂದೆ, ನಡುವಿನ ಒಂದು 120 ಅಡಿ ಆಚೆ. ವೇಗ 6ರಿಂದ 7 ನಾಟ್, ಅಂದರೆ ಗಂಟೆಗೆ ಅಷ್ಟು ನಾಟಿಕಲ್ ಮೈಲಿ. ವೇಗದ ಮೀಟರಿಗಿಂತ ಜಿಗ್ಗನ್ನೇ ನೋಡಿ. ಅದು ನೀರೊಳಗೆ ಗುಳ್ಳೆಯ ಬಾಲ ಎಳೆಯುತ್ತಾ ಓಡಬೇಕು, ಆಗಾಗ ಮೇಲೆ ಬಂದು ಉಸಿರು ತೆಗೆದುಕೊಳ್ಳಬೇಕು. ನೀರು ಬಿಟ್ಟು ಹಾರುತ್ತಿದ್ದರೆ ವೇಗ ಕಡಿಮೆ ಮಾಡಿ. ಜಿಗ್ಗಿನ ಬಣ್ಣ ಬೆಳಗಿನ ಜಾವ ಕಪ್ಪು, ನೇರಳೆ. ಬೆಳಕಾದ ಮೇಲೆ ಹಸಿರು, ಬಿಳಿ. ಸೀಡರ್ ಮರದಿಂದ ಮಾಡಿದ ನಕಲಿ ಬೇಟೆ, ಸೀಡರ್ ಪ್ಲಗ್‌ಗೆ ಬಣ್ಣವೂ ಬೇಡ, ಎಲ್ಲ ಹೊತ್ತಿಗೂ ನಡೆಯುತ್ತದೆ. ಇಷ್ಟರ ಮೇಲೆ ಬಣ್ಣದ ಚರ್ಚೆ ಮಾಡುವವರು ಅಂಗಡಿಯವರಿಗೆ ಒಳ್ಳೆಯ ಗಿರಾಕಿಗಳು. ಒಂದು ಎಳೆ ಕಡಲ ಹುಲ್ಲು ಕೊಕ್ಕೆಗೆ ಸಿಕ್ಕಿದರೂ ಆ ಗಾಳ ಸತ್ತಂತೆ. ಅದನ್ನು ಆಗಾಗ ಎಳೆದು ನೋಡಿ.

ನೇರ ಓಡಿಸಬೇಡಿ. ಹಾವಿನ ಹಾಗೆ ಸೊಟ್ಟಂಬಟ್ಟ ಓಡಿಸಿ. ತಿರುಗುವಾಗ ಒಳಬದಿಯ ಗಾಳ ನಿಧಾನವಾಗಿ ಸ್ವಲ್ಪ ಮುಳುಗುತ್ತದೆ, ಹೊರಬದಿಯದ್ದು ವೇಗ ಪಡೆಯುತ್ತದೆ. ಯಾವ ಬದಿಗೆ ಮೀನು ಬಿತ್ತು ಅನ್ನುವುದರಿಂದ ಅವತ್ತು ಯಾವ ವೇಗ ಬೇಕು ಅಂತ ತಿಳಿಯುತ್ತದೆ.

ಮೀನು ಬಿದ್ದ ಕ್ಷಣವೇ ಎಲ್ಲರೂ ತಪ್ಪುವ ಜಾಗ. ರಾಡ್ ಬಾಗಿ ರೀಲ್ ಕಿರುಚಿದ ಕೂಡಲೇ ಹೊಸಬರ ಕೈ ವೇಗ ಇಳಿಸಲು ಥ್ರಾಟಲ್‌ಗೆ ಹೋಗುತ್ತದೆ. ನಾನು ಮೊದಲು ಜಿಪಿಎಸ್‌ನಲ್ಲಿ ಗುರುತು ಒತ್ತುತ್ತೇನೆ. ಬೋಟು ಹಾಗೇ ಇನ್ನೊಂದಿಷ್ಟು ಹೊತ್ತು ಓಡಬೇಕು. ಅಲ್ಬಕೋರ್ ಒಂಟಿಯಾಗಿ ಇರುವುದು ಅಪರೂಪ. ಒಂದು ಕಚ್ಚಿದ್ದನ್ನು ಕಂಡು ಉಳಿದವು ಪೈಪೋಟಿಗೆ ಬೀಳುತ್ತವೆ, ಎರಡನೆಯದು ಮೂರನೆಯದು ಆಗಲೇ ಸಿಗುವುದು. ಆಮೇಲೆ ವೇಗ ಇಳಿಸುತ್ತೇನೆ. ಬೋಟು ಜಾರುತ್ತಾ ನಿಲ್ಲುವ ಆ ಹೊತ್ತಿನಲ್ಲಿ ಗುಂಪು ಹಿಂದೆಯೇ ಬರುತ್ತಿರುತ್ತದೆ. ಒಬ್ಬ ಮೀನು ಎಳೆಯುವಾಗ ಇನ್ನೊಬ್ಬ ರಬ್ಬರ್ ಮೀನನ್ನು ನೊರೆಯೊಳಗೆ ಎಸೆದು ಎಣಿಸುತ್ತಾ ಮುಳುಗಲು ಬಿಡಬೇಕು. ದಿನದ ಅರ್ಧ ಮೀನು ನಮಗೆ ಸಿಗುವುದು ಹೀಗೆ. ನನ್ನ ಲೆಕ್ಕದಲ್ಲಿ ಎಳೆಯುವ ಗಾಳ ಇರುವುದು ಗುಂಪು ಹುಡುಕಲು. ಕಚ್ಚುವುದು ನಿಂತಿತೋ, ಗುರುತಿಟ್ಟ ಜಾಗಕ್ಕೆ ವಾಪಸ್ ಬಂದು ಸುತ್ತು ಹಾಕುತ್ತೇನೆ.

ಮೊದಲ ಮೀನಿನ ಹೊಟ್ಟೆ ಸೀಳಿ ನೋಡುವುದನ್ನು ಮರೆಯುವುದಿಲ್ಲ. ಬೆರಳುದ್ದದ ಆಂಕೋವಿ ಇದ್ದರೆ ಸಣ್ಣ ಗಾಳ, ಕೊಕ್ಕಿನಂಥ ಮೂತಿಯ ಸಾರಿ ಮೀನು ಇದ್ದರೆ ಉದ್ದದ್ದು.

ಈಗ ಮೀನು ಕಾಪಾಡುವ ವಿಷಯ. ಟ್ಯೂನಾದ ಮೈ ಸುತ್ತಲಿನ ನೀರಿಗಿಂತ ಬೆಚ್ಚಗಿರುತ್ತದೆ. ಅದರ ರಕ್ತನಾಳಗಳ ಜಾಲ ಸ್ನಾಯುವಿನ ಬಿಸಿಯನ್ನು ಹೊರಗೆ ಹೋಗಲು ಬಿಡುವುದಿಲ್ಲ. ಕೊಕ್ಕೆಯಲ್ಲಿ ಹೋರಾಡಿದ ಮೇಲೆ ಬಿಸಿ ಇನ್ನೂ ಏರುತ್ತದೆ. ಬೋಟಿನ ತಳದಲ್ಲಿ ಬಿಸಿಲಿಗೆ ಬಿಟ್ಟರೆ ಮಾಂಸ ಬೆಂದಂತೆ ಮೆತ್ತಗಾಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಹಿಸ್ಟಮೀನ್. ಬೆಚ್ಚಗೆ ಉಳಿದ ಟ್ಯೂನಾದಲ್ಲಿ ಬ್ಯಾಕ್ಟೀರಿಯಾ ಅದನ್ನು ಹುಟ್ಟಿಸುತ್ತದೆ, ಆಮೇಲೆ ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ತಿಂದವರಿಗೆ ಮೈ ಕೆಂಪೇರಿ ತಲೆನೋವು, ತುರಿಕೆ ಬರುತ್ತದೆ. ಅದಕ್ಕೇ ಮೀನು ಒಳಗೆ ಬಂದ ಕೂಡಲೇ ತಲೆಗೆ ಒಂದು ಪೆಟ್ಟು. ನಂತರ ಎದೆರೆಕ್ಕೆಯ ಹಿಂದೆ ಎರಡೂ ಬದಿ ಚಾಕುವಿನ ಗೀರು, ಕಿವಿರಿಗೂ ಒಂದು. ರಕ್ತ ಪೂರ್ತಿ ಇಳಿಯಬೇಕು. ಆಮೇಲೆ ಐಸ್ ಮತ್ತು ಉಪ್ಪುನೀರು ಕಲಸಿದ ಡಬ್ಬಿಗೆ ಹಾಕುವುದು. ಬರೀ ಐಸ್ ಮೇಲೆ ಇಟ್ಟರೆ ತಾಗಿದ ಕಡೆ ಮಾತ್ರ ತಣ್ಣಗಾಗುತ್ತದೆ. ಎರಡು ಪಾಲು ಐಸ್‌ಗೆ ಒಂದು ಪಾಲು ಕಡಲ ನೀರಿನ ಮಡ್ಡಿಯಲ್ಲಿ ಮುಳುಗಿಸಿದರೆ ಮೂಳೆಯವರೆಗೆ ಚಳಿ ಇಳಿಯುತ್ತದೆ. ಮೀನು ಎಷ್ಟು ತೂಕವೋ ಕನಿಷ್ಠ ಅಷ್ಟೇ ಐಸ್ ಒಯ್ಯುತ್ತೇನೆ. ಐಸ್ ತುಂಬಿದ ಡಬ್ಬಿಗೆ ಜಾಗ ಸಾಲದೆ ಹೋದರೆ ಮೀನು ಹಿಡಿಯುವುದನ್ನೇ ನಿಲ್ಲಿಸುತ್ತೇವೆ. ಒರೆಗಾನ್ ನಿಯಮದಲ್ಲಿ ಒಬ್ಬರಿಗೆ ದಿನಕ್ಕೆ 25 ಮೀನು ತರಬಹುದು. ನಮಗೆ ಅಷ್ಟು ಬೇಕಾಗಿಲ್ಲ, ಸೀಳಿ ತುಂಡು ಮಾಡುವ ಕೈಗಳೂ ನಮ್ಮವೇ ತಾನೇ.

ಮನೆಯಲ್ಲಿ ಒಂದೊಂದು ಮೀನಿನಿಂದ ನಾಲ್ಕು ಉದ್ದ ತುಂಡು ಬರುತ್ತದೆ. ಕಪ್ಪು ರಕ್ತದ ಭಾಗ ತೆಗೆದು ಬಿಸಾಡಿ, ಅದರ ವಾಸನೆ ಎಲ್ಲದಕ್ಕೂ ಹತ್ತುತ್ತದೆ. ಹೊಟ್ಟೆಯ ಕೊಬ್ಬಿನ ಭಾಗ ಮಾತ್ರ ಪುಳಿಮುಂಚಿಗೆ. ಬೆನ್ನಿನ ತುಂಡನ್ನು ಬಂಗುಡೆಯಂತೆ ಸಾರಿನಲ್ಲಿ ಕುದಿಸಿದರೆ ಒಣ ಹತ್ತಿಯಾಗುತ್ತದೆ. ಅದನ್ನು ಕಾದ ಕಾವಲಿಯಲ್ಲಿ ಒಂದೊಂದು ಬದಿ ಅರೆ ನಿಮಿಷ ಇಟ್ಟು ತೆಗೆದರೆ ಸಾಕು. ಉಳಿದದ್ದು ಗಾಜಿನ ಜಾಡಿಗೆ. ಒಂದು ಪೈಂಟ್ (ಸುಮಾರು ಅರ್ಧ ಲೀಟರ್) ಅಥವಾ ಅರ್ಧ ಪೈಂಟ್ ಜಾಡಿಯಲ್ಲಿ ಹಸಿ ಮೀನು ತುಂಬಿ, ಬಾಯಿಯ ಕೆಳಗೆ ಒಂದು ಇಂಚು ಖಾಲಿ ಬಿಟ್ಟು, ಜಾಡಿಗಳನ್ನು ಒತ್ತಡದಲ್ಲಿ ಬೇಯಿಸಿ ಸೀಲ್ ಮಾಡುವ ಪ್ರೆಶರ್ ಕ್ಯಾನರ್‌ನಲ್ಲಿ 100 ನಿಮಿಷ. ನಮ್ಮ ಅಡುಗೆಮನೆಯ ಕುಕ್ಕರ್ ಇದಕ್ಕೆ ಆಗದು. ಸಮಯ ಕಡಿಮೆ ಮಾಡುವ ಚಾಲಾಕಿಯೂ ಬೇಡ, ಸರಿಯಾಗಿ ಬೇಯದ ಜಾಡಿಯಿಂದ ಬರುವ ಮಾರಕ ವಿಷಬಾಧೆ ಬಾಟ್ಯುಲಿಸಂ ವಿಷಯದಲ್ಲಿ ಅಂದಾಜು ನಡೆಯುವುದಿಲ್ಲ. ಕೆಲವು ತಿಂಗಳ ನಂತರ ಜಾಡಿ ತೆರೆದಾಗ ಗಾಜಿನ ಚೂರಿನಂಥ ಹರಳು ಕಂಡರೆ ಹೆದರಬೇಡಿ. ಅದು ಸ್ಟ್ರುವೈಟ್, ಮೀನಿನಲ್ಲೇ ಇರುವ ಖನಿಜದಿಂದ ಕಟ್ಟಿದ್ದು. ಬಿಸಿ ಮಾಡಿದರೆ ಸಾಮಾನ್ಯವಾಗಿ ಕರಗಿಹೋಗುತ್ತದೆ.