ಯುಗಾದಿ ಹೊತ್ತಿಗೆ ಕೊಡಚಾದ್ರಿ: ತಂಡ ಕರೆದೊಯ್ಯುವವರಿಗೆ

ಮೊದಲು ಅರಣ್ಯ ಇಲಾಖೆಗೆ ಫೋನ್ ಮಾಡಿ. ಈ ಕಾಲದಲ್ಲಿ ಹುಲ್ಲು ಒಣಗಿರುತ್ತದೆ, ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚಿರಬಹುದು. ಮುಚ್ಚಿದ್ದರೆ ಹೋಗಲೇಬೇಡಿ. ಬೀಡಿ, ಸಿಗರೇಟು, ಒಲೆ ಯಾವುದೂ ಬೇಡ.

ಬೆಟ್ಟದ ಎತ್ತರ 1343 ಮೀಟರ್. ನಮ್ಮ ತಂಡವನ್ನು ನಾನು ಬೆಳಿಗ್ಗೆ ಆರಕ್ಕೇ ಹೊರಡಿಸುತ್ತೇನೆ. ತಲೆಗೆ 3 ಲೀಟರ್ ನೀರು. ದಾರಿಯಲ್ಲಿ ಹಿಡ್ಲುಮನೆ ಜಲಪಾತ ಇದೆಯಲ್ಲ ಅಂತ ನಂಬಬೇಡಿ, ಬೇಸಿಗೆಗೆ ಅದು ಸೊರಗಿರುತ್ತದೆ. ಒಂದು ವರ್ಷ ಹಾಗೆ ನಂಬಿ ಕಡಿಮೆ ನೀರು ಒಯ್ದಿದ್ದೆವು. ಹತ್ತು ಗಂಟೆಗೆಲ್ಲ ಹುಡುಗಿಯೊಬ್ಬಳಿಗೆ ತಲೆ ಸುತ್ತು ಬಂತು. ತುಟಿ ಒಣಗಿ ಬಿಳಿಚಿಕೊಂಡಿತ್ತು. ನೆರಳಲ್ಲಿ ಕೂರಿಸಿ, ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿ, ಉಪ್ಪು ಹಾಕಿದ ಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕುಡಿಸಿದೆವು. ಅರ್ಧ ಗಂಟೆಗೆ ಚೇತರಿಸಿಕೊಂಡಳು. ಆದರೂ ಅಲ್ಲಿಂದಲೇ ಎಲ್ಲರೂ ವಾಪಸ್. ಅವತ್ತಿನಿಂದ ಮಜ್ಜಿಗೆ ಬಾಟಲಿ ಇಲ್ಲದೆ ನಾನು ಹೊರಡುವುದಿಲ್ಲ.

ನಿಧಾನ ನಡೆಯುವವರು ಮುಂದೆ ಇರಲಿ, ಗಟ್ಟಿಗರೊಬ್ಬರು ಸೀಟಿ ಹಿಡಿದು ಕೊನೆಯಲ್ಲಿ. ತಿರುವಿಗೊಮ್ಮೆ ತಲೆ ಎಣಿಸಿ.

ಬೆಟ್ಟದ ನೆತ್ತಿಯಲ್ಲಿರುವ ಸರ್ವಜ್ಞ ಪೀಠದ ಕಲ್ಲು ಮಂಟಪದ ಹತ್ತಿರ ಗಾಳಿ ಎಷ್ಟು ತಂಪು ಅಂದ್ರೆ ಯಾರೂ ಏಳಲ್ಲ! ಆದರೆ ಮಧ್ಯಾಹ್ನ ಮೋಡ ಕಟ್ಟಿದರೆ ಸುಮ್ನೆ ಕೂರಬೇಡಿ, ಬಯಲು ನೆತ್ತಿಯಲ್ಲಿ ಸಿಡಿಲು ಅಪಾಯ.

ಇಳಿಯುವಾಗಲೇ ಬೀಳೋದು ಜಾಸ್ತಿ. ಮಲಗಿದ ಒಣ ಹುಲ್ಲಿನ ಕೆಳಗೆ ಉರುಟು ಕಲ್ಲಿರುತ್ತದೆ. ಮಂಡಿ ಸ್ವಲ್ಪ ಬಗ್ಗಿಸಿ, ಪಾದ ಅಡ್ಡ ಇಟ್ಟು ಇಳಿಯಿರಿ. ಯಾರಿಗಾದರೂ ಮಂಡಿ ಹಿಡಿದರೆ ಹಟ ಬೇಡ, ಜೀಪಿನಲ್ಲಿ ಕಳಿಸಿ.