ಚಳಿಗಾಲದ ಹಿನ್ನೀರಿನಲ್ಲಿ ಬೆಚ್ಚಗೆ ದೋಣಿ ಸಾಗಿಸುವುದು ಹೇಗೆ?

ಧನುರ್ಮಾಸದ ಬೆಳಗಿನಲ್ಲಿ ಸಾಗರ ತಾಲ್ಲೂಕಿನ ಹೊನ್ನೇಮರಡುವಿನ ದಡದಿಂದ ದೋಣಿಯಲ್ಲಿ ಹೊರಡುವವರು ದಪ್ಪನೆಯ ಸ್ವೆಟರ್ ಒಂದಿದ್ದರೆ ಸಾಕೆಂದುಕೊಳ್ಳುತ್ತಾರೆ. ದಡದಲ್ಲಿ ನಿಂತಿರುವಷ್ಟು ಹೊತ್ತು ಅದು ಸಾಕು. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಹರಡಿಕೊಂಡ ಈ ಹಿನ್ನೀರಿನ ನಡುವೆ ಗಾಳಿಗೆ ಮರಗಿಡಗಳ ತಡೆಯಿಲ್ಲ, ಹುಟ್ಟು ಹಾಕುವಾಗ ಸಿಡಿಯುವ ಹನಿಗಳಿಂದ ಬಟ್ಟೆಗೆ ಬಿಡುವಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುವುದರಿಂದ, ಬೆಚ್ಚಗಿರಬೇಕೆನ್ನುವವರು ಮೊದಲು ಮೈ ನೆನೆಯದಂತೆ ನೋಡಿಕೊಳ್ಳಬೇಕು.

ಹತ್ತಿ ಬನಿಯನ್ನನ್ನು ಮನೆಯಲ್ಲೇ ಬಿಡಿ. ಅದು ಬೆವರನ್ನೂ ನೀರನ್ನೂ ಹೀರಿ ಮೈಗಂಟುತ್ತದೆ. ಅದರ ಬದಲು ಆಟಗಾರರು ತೊಡುವಂಥ ಪಾಲಿಯೆಸ್ಟರ್ ಅಂಗಿ ಅಥವಾ ತೆಳುವಾದ ಉಣ್ಣೆಯ ಉಡುಪನ್ನು ಧರಿಸಿ, ಮೇಲೆ ಉಣ್ಣೆಯ ಸ್ವೆಟರ್, ಅದರ ಮೇಲೆ ಗಾಳಿಯನ್ನೂ ನೀರನ್ನೂ ತಡೆಯುವ ರೇನ್‌ಕೋಟ್ ತೊಡಬೇಕು. ಉಣ್ಣೆಯ ಎಳೆಗಳ ನಡುವೆ ಗಾಳಿ ಉಳಿಯುವುದರಿಂದ ಸ್ವಲ್ಪ ತೇವವಾದರೂ ಅದು ಬೆಚ್ಚಗಿಡುತ್ತದೆ. ನಮ್ಮ ಹಿರಿಯರು ನಾಟಿಯ ಗದ್ದೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಮಳೆಯನ್ನು ಎದುರಿಸಿದ್ದು ಈ ಗುಣದಿಂದಲೇ. ಹಾಗೆಂದು ದೋಣಿಯಲ್ಲಿ ಕಂಬಳಿ ಹೊದ್ದು ಕೂರುವುದು ತರವಲ್ಲ. ನೀರಿಗೆ ಬಿದ್ದರೆ ಅದು ನೆನೆದು ಭಾರವಾಗಿ ಕೈಕಾಲುಗಳನ್ನು ಸುತ್ತಿಕೊಳ್ಳುತ್ತದೆ. ಲೈಫ್ ಜಾಕೆಟ್ ಎಲ್ಲಕ್ಕಿಂತ ಹೊರಗಿರಲಿ; ಅದು ಎದೆಯನ್ನು ಬೆಚ್ಚಗೂ ಇಡುತ್ತದೆ.

ಹೊರಡುವಾಗ ಕೊಂಚ ಚಳಿಯೆನಿಸಿದರೆ ಚಿಂತೆಯಿಲ್ಲ. ಹುಟ್ಟು ಹಾಕತೊಡಗಿದ ಸ್ವಲ್ಪ ಹೊತ್ತಿಗೆ ಮೈ ಕಾಯುತ್ತದೆ. ಬೆವರು ಒಡೆಯುವ ಮೊದಲೇ ಸ್ವೆಟರ್ ತೆಗೆದಿಡಬೇಕು, ಹುಟ್ಟು ನಿಲ್ಲಿಸಿದ ಕೂಡಲೇ ಮತ್ತೆ ಹಾಕಿಕೊಳ್ಳಬೇಕು. ಈ ಒಂದು ಶಿಸ್ತನ್ನು ಪಾಲಿಸದವರೇ ಹೆಚ್ಚು ನಡುಗುತ್ತಾರೆಂಬುದು ನನ್ನ ಅನುಭವ. ಆದರೆ ತೆಗೆಯುವುದು, ತೊಡುವುದು ಎರಡನ್ನೂ ದಡಕ್ಕೆ ಬಂದೇ ಮಾಡಿ; ನಡುನೀರಿನಲ್ಲಿ ಲೈಫ್ ಜಾಕೆಟ್ ಬಿಚ್ಚಬಾರದು. ಅಲ್ಲಿ ರೇನ್‌ಕೋಟಿನ ಕುತ್ತಿಗೆ ಸಡಿಲಿಸಿದರೆ ಸಾಕು.

ಕಿವಿ ಮುಚ್ಚುವ ಉಣ್ಣೆಯ ಟೋಪಿ, ಉಣ್ಣೆಯ ಕಾಲುಚೀಲ ಇರಲಿ. ಒಂದು ಜೊತೆ ಒಣ ಬಟ್ಟೆಯನ್ನೂ ಆ ಕಂಬಳಿಯನ್ನೂ ಎರಡು ಪದರ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಿ. ಫ್ಲಾಸ್ಕಿನಲ್ಲಿ ಬಿಸಿ ಕಷಾಯ, ಜೊತೆಗೆ ಬೆಲ್ಲ, ಶೇಂಗಾ ಇದ್ದರೆ ಒಳ್ಳೆಯದು. ಮದ್ಯ ಬೇಡವೇ ಬೇಡ: ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಬೆಚ್ಚಗಾದಂತೆ ತೋರುತ್ತದೆಯೇ ಹೊರತು ಒಳಗಿನ ಶಾಖ ಬೇಗ ಸೋರಿಹೋಗುತ್ತದೆ.

ಜೊತೆಗಾರರ ನಡುಕ ನಿಲ್ಲದಿದ್ದರೆ, ಮಾತು ತೊದಲಿದರೆ, ಬೆರಳುಗಳು ಗುಂಡಿ ಹಾಕಲೂ ಒಲ್ಲದಾದರೆ ತಕ್ಷಣ ದಡ ಸೇರಬೇಕು. ಒದ್ದೆ ಬಟ್ಟೆ ತೆಗೆದು, ಮೈ ಒರೆಸಿ, ಒಣ ಬಟ್ಟೆ ತೊಡಿಸಿ, ಕಂಬಳಿಯಲ್ಲಿ ಸುತ್ತಿ ಮೊದಲು ಎದೆ ಮತ್ತು ಹೊಟ್ಟೆಯ ಭಾಗವನ್ನು ಬೆಚ್ಚಗೆ ಮಾಡಿ. ಕೈಕಾಲುಗಳನ್ನು ತಿಕ್ಕಬಾರದು. ಪೂರ್ಣ ಎಚ್ಚರವಿದ್ದರೆ ಮಾತ್ರ ಬಿಸಿ ಕಷಾಯ ಕುಡಿಸಿ. ಮಂಪರು ಕಂಡರೆ ಬಾಯಿಗೆ ಏನನ್ನೂ ಹಾಕದೆ, ಮಲಗಿಸಿಯೇ ಆಸ್ಪತ್ರೆಗೆ ಕರೆದೊಯ್ಯಿರಿ.