ರೇಸ್‌ನಲ್ಲಿ ಪ್ರತಿ ಬೆಟ್‌ಗೆ ಎಷ್ಟು ಹಾಕ್ಬೇಕು: ಸ್ಟೇಕಿಂಗ್ ಪ್ಲಾನ್ ಆರಿಸ್ಕೊಳ್ಳೋದು ಹೇಗೆ

ಯಾವ ಕುದುರೆ ಗೆಲ್ಲತ್ತೆ ಅಂತ ಗಂಟೆಗಟ್ಟಲೆ ಫಾರ್ಮ್ (ಕುದುರೆಗಳ ಹಿಂದಿನ ರೇಸ್‌ಗಳ ದಾಖಲೆ) ಓದೋ ಜನಾನೇ, ಎಷ್ಟು ಹಾಕ್ಬೇಕು ಅನ್ನೋದನ್ನ ಮಾತ್ರ ಕೊನೇ ನಿಮಿಷದಲ್ಲಿ ತೀರ್ಮಾನ ಮಾಡ್ತಾರೆ, ಹಿಂದಿನ ರೇಸ್ ಗೆದ್ದಿದ್ರೆ ಸ್ವಲ್ಪ ಜಾಸ್ತಿ, ಸೋತಿದ್ರೆ ಅದನ್ನ ವಾಪಸ್ ತಗೊಳ್ಳೋಕೆ ಇನ್ನೂ ಜಾಸ್ತಿ. ಆ ತೀರ್ಮಾನಾನ ಮುಂಚೇನೇ, ತಲೆ ತಣ್ಣಗಿರುವಾಗ ಮಾಡಿ ಬರೆದಿಟ್ಕೊಳ್ಳೋದಕ್ಕೇ ಸ್ಟೇಕಿಂಗ್ ಪ್ಲಾನ್ ಅನ್ನೋದು.

ಒಂದು ವಿಷಯ ಮೊದ್ಲೇ ಸ್ಪಷ್ಟ ಇರ್ಲಿ. ನಿಮ್ಮ ಆಯ್ಕೆಗಳು ಸೋಲ್ತಾ ಇದ್ರೆ ಯಾವ ಪ್ಲಾನೂ ಅದನ್ನ ಲಾಭಕ್ಕೆ ತಿರುಗ್ಸಲ್ಲ. ಒಂದು ರೇಸಿನ ಎಲ್ಲಾ ಕುದುರೆಗಳ ಆಡ್ಸನ್ನ (ಗೆದ್ರೆ ಎಷ್ಟು ಲಾಭ ಅನ್ನೋ ದರ, 4/1 ಅಂದ್ರೆ 1 ಹಾಕಿದ್ರೆ 4 ಲಾಭ) ಶೇಕಡಾಗೆ ತಿರುಗ್ಸಿ (4/1 ಅಂದ್ರೆ ಐದರಲ್ಲಿ ಒಂದು, 20%) ಕೂಡಿದ್ರೆ 100 ದಾಟತ್ತೆ, ಉದಾಹರಣೆಗೆ 115 ಬಂತು ಅಂದ್ರೆ ಕಣ್ಮುಚ್ಚಿ ಹಾಕಿದ 100ಕ್ಕೆ ಸರಾಸರಿ 87ರಷ್ಟು ವಾಪಸ್ ಬರತ್ತೆ ಅಂತ ಲೆಕ್ಕ. ಟೋಟ್ (ಎಲ್ಲರ ಬೆಟ್ ದುಡ್ಡನ್ನೂ ಒಟ್ಟು ಮಾಡಿ ಗೆದ್ದೋರಿಗೆ ಹಂಚೋ ಪದ್ಧತಿ) ಆದ್ರೆ ಒಟ್ಟು ದುಡ್ಡಿಂದ ಒಂದು ಪಾಲು ಮೊದ್ಲೇ ಕಟ್ ಆಗತ್ತೆ. ಪ್ಲಾನ್ ಮಾಡೋ ಕೆಲ್ಸ ಎರಡೇ: ಆಯ್ಕೆ ಚೆನ್ನಾಗಿರೋರು ಕೆಟ್ಟ ಸಮಯದಲ್ಲಿ ಬರಿಗೈ ಆಗದ ಹಾಗೆ ನೋಡ್ಕೊಳ್ಳೋದು, ಆಯ್ಕೆ ಚೆನ್ನಾಗಿಲ್ದೋರಿಗೆ ಅದು ಗೊತ್ತಾಗೋ ತನಕ ನಷ್ಟ ಸಣ್ಣದಾಗಿ ಇಡೋದು.

ಹಾಗಾಗಿ ಶುರು ಮಾಡ್ಬೇಕಾದ್ದು ಪ್ಲಾನಿಂದ ಅಲ್ಲ, ಲೆಕ್ಕದ ಪುಸ್ತಕದಿಂದ. ದುಡ್ಡು ಹಾಕದೆ, ಬರೀ ಬರೆದಿಟ್ಕೊಂಡು, ಕನಿಷ್ಠ ನೂರಿನ್ನೂರು ಆಯ್ಕೆ ಮಾಡಿ, ಪ್ರತಿಯೊಂದಕ್ಕೂ ಸಿಕ್ತಿದ್ದ ಆಡ್ಸ್ ಎಷ್ಟು, ಫಲಿತಾಂಶ ಏನು ಅಂತ ನೋಟ್ ಮಾಡ್ಕೊಳ್ಳಿ. ಇದರಿಂದ ನಿಮ್ಮ ಸ್ಟ್ರೈಕ್ ರೇಟ್ ಸಿಗತ್ತೆ, ಅಂದ್ರೆ ನೂರರಲ್ಲಿ ಎಷ್ಟು ಗೆಲ್ತವೆ ಅನ್ನೋದು. ಪ್ಲಾನ್ ಆರಿಸೋಕೆ ಇದಕ್ಕಿಂತ ಮುಖ್ಯವಾದ ನಂಬರ್ ಇನ್ನೊಂದಿಲ್ಲ, ಯಾಕಂದ್ರೆ ಸತತವಾಗಿ ಎಷ್ಟು ಸೋಲು ಬರ್ಬಹುದು ಅಂತ ಹೇಳೋದು ಇದೇನೇ.

500 ಬೆಟ್ ಹಾಕ್ತೀರ ಅಂದ್ಕೊಳ್ಳಿ. ಸ್ಟ್ರೈಕ್ ರೇಟ್ 50% ಇದ್ರೆ ಸುಮಾರು 9 ಸೋಲು ಸಾಲಾಗಿ ಬರೋದು ಸಹಜ, 30% ಇದ್ರೆ 17ರ ಆಸುಪಾಸು, 20% ಇದ್ರೆ 28, ಬರೀ 10% ಇದ್ರೆ 59! ದುರದೃಷ್ಟ ಅಲ್ಲ ಇದು, ಗಣಿತ ಅಷ್ಟೇ, ಇದಕ್ಕಿಂತ ಉದ್ದದ ಸಾಲೂ ಬರ್ಬಹುದು. ನನ್ನ ಪ್ರಕಾರ ಈ ನಂಬರ್‌ನ ಎರಡರಷ್ಟು ಸೋಲು ತಡ್ಕೊಳ್ಳೋ ಹಾಗೆ ಬ್ಯಾಂಕ್ ಇರ್ಬೇಕು. ಬ್ಯಾಂಕ್ ಅಂದ್ರೆ ಪೂರ್ತಿ ಹೋದ್ರೂ ಮನೆ ಖರ್ಚಿಗೆ, ಸಾಲದ ಕಂತಿಗೆ ಏನೂ ಆಗದಂಥ, ಬೇರೆಯಾಗೇ ಎತ್ತಿಟ್ಟ ದುಡ್ಡು. 20% ಸ್ಟ್ರೈಕ್ ರೇಟಿನೋರು ಅದನ್ನ 60 ಯೂನಿಟ್, ಅಂದ್ರೆ 60 ಸಮ ಭಾಗ ಮಾಡ್ಕೊಳ್ಳಲಿ, 10%ನೋರು 120.

ಈಗ ಪ್ಲಾನುಗಳು. ಲೆವೆಲ್ ಸ್ಟೇಕ್ ಎಲ್ಲಕ್ಕಿಂತ ಸುಲಭ, ಪ್ರತಿ ಬೆಟ್‌ಗೂ ಒಂದೇ ಯೂನಿಟ್. ಹೊಸಬರಿಗೆ ನಾನು ಹೇಳೋದು ಇದೇ, ಯಾಕಂದ್ರೆ ಲಾಭ ನಷ್ಟ ಆಯ್ಕೆಯಿಂದ ಬಂತೋ ಸ್ಟೇಕಿಂದ ಬಂತೋ ಅನ್ನೋ ಗೊಂದಲಾನೇ ಇರಲ್ಲ. ಪರ್ಸೆಂಟೇಜ್ ಪ್ಲಾನಲ್ಲಿ ಆವತ್ತಿನ ಬ್ಯಾಂಕಿನ ಇಂತಿಷ್ಟು ಶೇಕಡಾ ಹಾಕೋದು, ಸೋತ್ರೆ ಸ್ಟೇಕ್ ತಾನಾಗೇ ಇಳಿಯತ್ತೆ, ಗೆದ್ರೆ ಏರತ್ತೆ. 100 ಯೂನಿಟ್ ಬ್ಯಾಂಕಲ್ಲಿ ಪ್ರತಿಸಲ 5 ಯೂನಿಟ್ ಲೆವೆಲ್ ಹಾಕಿದ್ರೆ 20 ಸೋಲಿಗೆ ಖಾಲಿ, ಅದೇ ಉಳಿದಿರೋದರ 5% ಅಂತ ಹಾಕಿದ್ರೆ ಸುಮಾರು 36 ಉಳಿಯತ್ತೆ, 2% ಆದ್ರೆ 67. ಇನ್ನೊಂದು ಫಿಕ್ಸೆಡ್ ಪ್ರಾಫಿಟ್, ಗೆದ್ರೆ ಯಾವಾಗ್ಲೂ ಒಂದೇ ಮೊತ್ತ ಬರೋ ಹಾಗೆ ಹಾಕೋದು. 10 ಯೂನಿಟ್ ಲಾಭ ಬೇಕು ಅಂದ್ರೆ 2/1 ಕುದುರೆಗೆ 5, 10/1 ಕುದುರೆಗೆ 1. ಒಂದ್ಸಲ ಫೇವರಿಟ್ (ಆಡ್ಸ್ ಎಲ್ಲಕ್ಕಿಂತ ಕಮ್ಮಿ ಇರೋ ಕುದುರೆ), ಇನ್ನೊಂದ್ಸಲ 10/1ರಂಥ ದೂರದ ಆಡ್ಸು ಅಂತ ಎರಡೂ ಕಡೆ ಆಡೋರಿಗೆ ಇದು ಹೊಂದತ್ತೆ.

ಕೆಲ್ಲಿ ಅನ್ನೋ ಪ್ಲಾನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಓದಿದೋರೆಲ್ಲ ಇದರ ಹಿಂದೆ ಬೀಳ್ತಾರೆ. ಅಮೆರಿಕದ ಬೆಲ್ ಲ್ಯಾಬ್ಸ್ ಅನ್ನೋ ಸಂಶೋಧನಾ ಸಂಸ್ಥೆಯ ಜಾನ್ ಕೆಲ್ಲಿ 1956ರಲ್ಲಿ ಕೊಟ್ಟ ಸೂತ್ರ, ತಿರುಳು ಇಷ್ಟೇ: ನಿಮಗಿರೋ ಅನುಕೂಲಾನ ಆಡ್ಸಿಂದ ಭಾಗಿಸಿ, ಬ್ಯಾಂಕಿನ ಅಷ್ಟು ಭಾಗ ಹಾಕಿ. 4/1 ಕುದುರೆ ಗೆಲ್ಲೋ ಸಾಧ್ಯತೆ 24% ಅಂತ ನಿಮ್ಮ ಅಂದಾಜು ಅನ್ನಿ, ಸ್ಟೇಕ್ ಸೇರಿ ವಾಪಸ್ ಬರೋದು 5, ಅದನ್ನ 0.24ರಿಂದ ಗುಣಿಸಿದ್ರೆ 1.20, ಅಂದ್ರೆ ಅನುಕೂಲ 20%, ಅದನ್ನ 4ರಿಂದ ಭಾಗಿಸಿದ್ರೆ ಬ್ಯಾಂಕಿನ 5%. ನೋಡೋಕೆ ಚೆನ್ನಾಗೇ ಇದೆ. ಆದ್ರೆ ನಿಜವಾದ ಸಾಧ್ಯತೆ 24 ಅಲ್ಲ 22 ಆಗಿದ್ರೆ? ಆಗ ಹಾಕ್ಬೇಕಾಗಿದ್ದು 2.5% ಮಾತ್ರ, ನೀವು ಅದರ ಎರಡರಷ್ಟು ಹಾಕ್ತಾ ಇದ್ದೀರ, ಎರಡರಷ್ಟು ಹಾಕಿದ್ರೆ ಅನುಕೂಲ ನಿಮ್ಮ ಕಡೆಗಿದ್ರೂ ದೀರ್ಘಕಾಲದಲ್ಲಿ ಬ್ಯಾಂಕ್ ಬೆಳೆಯೋದು ಹೆಚ್ಚುಕಮ್ಮಿ ಸೊನ್ನೆ. ಎರಡೇ ಎರಡು ಶೇಕಡಾ ಅಂದಾಜು ತಪ್ಪಿದ್ದಕ್ಕೆ! ಕುದುರೆ ರೇಸಲ್ಲಿ ಅಷ್ಟು ನಿಖರವಾಗಿ ಅಂದಾಜು ಮಾಡೋಕೆ ಯಾರಿಗೂ ಸುಲಭ ಅಲ್ಲ, ಅದಕ್ಕೇ ಕೆಲ್ಲಿ ಬೇಕೇ ಬೇಕು ಅನ್ನೋರು ಅರ್ಧ ಕೆಲ್ಲಿ ಇಲ್ಲಾ ಕಾಲು ಕೆಲ್ಲಿ ಹಾಕಿ. ಅರ್ಧದಲ್ಲಿ ಬೆಳವಣಿಗೆ ಸುಮಾರು ಮುಕ್ಕಾಲು ಪಾಲು ಸಿಗತ್ತೆ, ಏರಿಳಿತ ಅರ್ಧಕ್ಕೆ ಇಳಿಯತ್ತೆ.

ಸೋತಾಗಲೆಲ್ಲ ಸ್ಟೇಕ್ ಏರಿಸೋ ಪ್ಲಾನ್ ಮಾತ್ರ ದಯವಿಟ್ಟು ಬೇಡ. ಮಾರ್ಟಿಂಗೇಲ್ ಅಂತ ಡಬಲ್ ಮಾಡ್ತಾ ಹೋದ್ರೆ 1 ಯೂನಿಟ್ಟಿಂದ ಶುರುವಾಗಿ ಹತ್ತು ಸೋಲಿಗೆ 1023 ಹೋಗಿರತ್ತೆ, ಹನ್ನೊಂದನೇದಕ್ಕೆ 1024 ಬೇಕು, ಸಮ ಆಡ್ಸಲ್ಲಿ (1/1) ಗೆದ್ರೂ ಕೊನೆಗೆ ಸಿಗೋದು ಒಂದೇ ಯೂನಿಟ್. ಮೇಲಿನ ಲೆಕ್ಕದಲ್ಲಿ ಹತ್ತು ಸೋಲು ಅಪರೂಪವೇ ಅಲ್ಲ ಅಂತ ನೋಡಿದ್ರಲ್ಲ. ಫಿಬೊನಾಚಿ, ಡಾಲಂಬೇರ್ ಅನ್ನೋ ಪ್ಲಾನುಗಳೂ ಸೋತಾಗ ಸ್ಟೇಕ್ ಏರಿಸೋವೇ, ಏರೋದು ನಿಧಾನ ಅಷ್ಟೇ, ದಾರಿ ಅದೇ. ನೀವು ಹಿಂದಿನ ರೇಸಲ್ಲಿ ಸೋತಿದ್ದು ಮುಂದಿನ ರೇಸಿನ ಕುದುರೆಗೆ ಗೊತ್ತಿರಲ್ಲ. ಇನ್ನೊಂದು, ಟೋಟ್‌ನಲ್ಲಿ ದೊಡ್ಡ ಮೊತ್ತ ಹಾಕಿದ್ರೆ ನಿಮ್ಮ ದುಡ್ಡೇ ನಿಮ್ಮ ಆಡ್ಸನ್ನ ಕೆಳಗಿಳಿಸತ್ತೆ.

ಈಚ್ ವೇ ಹಾಕೋರು ಅದು ಎರಡು ಬೆಟ್ ಅನ್ನೋದು ಮರೀಬೇಡಿ, ವಿನ್ನಿಗೊಂದು (ಕುದುರೆ ಗೆಲ್ಲತ್ತೆ ಅಂತ), ಪ್ಲೇಸಿಗೊಂದು (ಮೊದಲ ಕೆಲವು ಸ್ಥಾನಗಳೊಳಗೆ ಬರತ್ತೆ ಅಂತ), ಹಾಗಾಗಿ ಯೂನಿಟ್ಟನ್ನ ಅರ್ಧರ್ಧ ಮಾಡ್ಕೊಳ್ಳಿ.

ಪ್ಲಾನ್ ಬದಲಾಯಿಸ್ಬೇಕು ಅನ್ಸಿದ್ರೆ ರೇಸ್ ಇರೋ ದಿನ ಬೇಡ, ತಿಂಗಳ ಕೊನೇಲಿ ಪುಸ್ತಕ ತೆಗೆದು ನೋಡಿ ಮಾಡಿ. ಬ್ಯಾಂಕ್ ಅರ್ಧಕ್ಕೆ ಇಳಿದ್ರೆ ನಿಲ್ಸಿ, ಅರ್ಧ ಕಳ್ಕೊಂಡಿದ್ದನ್ನ ಮತ್ತೆ ತುಂಬ್ಸೋಕೆ ಉಳಿದಿರೋದರ ಮೇಲೆ 100% ಗಳಿಸ್ಬೇಕಾಗತ್ತೆ. ಹೊರಗಿಂದ ದುಡ್ಡು ತಂದು ಸೇರಿಸ್ಬೇಡಿ, ಮತ್ತೆ ದುಡ್ಡಿಲ್ಲದೆ ಬರೀ ಪುಸ್ತಕದಲ್ಲಿ ನೂರು ಆಯ್ಕೆ ಬರೆದು ಸ್ಟ್ರೈಕ್ ರೇಟ್ ಮುಂಚಿನಷ್ಟೇ ಇದೆಯಾ ನೋಡಿ. ಇಲ್ಲ ಅಂದ್ರೆ ಸರಿಮಾಡ್ಬೇಕಾದ್ದು ಸ್ಟೇಕ್ ಅಲ್ಲ, ಆಯ್ಕೆ.